ಗಡಿ ಮೂಡುವ ಮೊದಲಿನ ಹೆಸರುಗಳು

ಕಾಸರಗೋಡಿನ ಮಣ್ಣಿನಲ್ಲಿ 1915ರಲ್ಲಿ ಇಬ್ಬರು ಹುಟ್ಟಿದರು. ಒಬ್ಬರು ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈ, ಇನ್ನೊಬ್ಬರು ಕಾಞಂಗಾಡಿನ ಕೆ. ಮಾಧವನ್. ರೈಗಳ ಮನೆಮಾತು ತುಳು, ಬರವಣಿಗೆಯ ಭಾಷೆ ಕನ್ನಡ; ಮಾಧವನ್ ಅವರದು ಮಲಯಾಳ. ಗಾಂಧೀಜಿಯವರ ಕರೆ ಇಬ್ಬರನ್ನೂ ಮುಟ್ಟಿದ್ದು ಮೀಸೆ ಮೂಡುವ ವಯಸ್ಸಿನಲ್ಲಿ. ರೈಗಳು ಖಾದಿ ಉಟ್ಟು, ಪತ್ರಿಕೆಗಳಲ್ಲಿ ದುಡಿದು, ಮೇಷ್ಟರಾಗಿ, ಕವಿಯಾಗಿ, ಬದಿಯಡ್ಕದ ಮಣ್ಣಿನಲ್ಲಿ ಕೃಷಿಕನಾಗಿ ಬಾಳಿದರು. ಮಾಧವನ್ ಜಮೀನ್ದಾರಿ ಮನೆತನದಲ್ಲಿ ಹುಟ್ಟಿಯೂ 1930ರ ಉಪ್ಪಿನ ಸತ್ಯಾಗ್ರಹದ ಜಾಥಾದಲ್ಲಿ ಹುಡುಗನಾಗಿ ನಡೆದರು, ಮುಂದೆ ಗುರುವಾಯೂರು ಸತ್ಯಾಗ್ರಹಕ್ಕೆ ಹೋದರು, ಆಮೇಲೆ ರೈತರನ್ನು ಸಂಘಟಿಸುತ್ತ ತನ್ನ ವರ್ಗದವರ ವಿರುದ್ಧವೇ ನಿಂತರು. ಇಬ್ಬರೂ ನೂರು ವರ್ಷ ಕಂಡರು. ರೈಗಳು 2015ರ ಆಗಸ್ಟ್ 9ರಂದು, ಅಂದರೆ ಕ್ವಿಟ್ ಇಂಡಿಯಾ ಚಳವಳಿ ಆರಂಭವಾದ ದಿನದಂದೇ ತೀರಿಕೊಂಡರು. ಮಾಧವನ್ ಮರುವರ್ಷ ಸೆಪ್ಟೆಂಬರ್‌ನಲ್ಲಿ.

ಇಬ್ಬರೂ ಹುಟ್ಟುವಾಗ ಇದೆಲ್ಲ ಒಂದೇ ತಾಲೂಕು, ಒಂದೇ ಜಿಲ್ಲೆ. ಸಾಯುವ ಹೊತ್ತಿಗೂ ಒಂದೇ ಜಿಲ್ಲೆಯೇ. ಆದರೂ ರೈಗಳಿಗೆ ಶೋಕಸಭೆ ನಡೆದದ್ದು ಕನ್ನಡದಲ್ಲಿ, ಮಾಧವನ್ ಅವರಿಗೆ ಮಲಯಾಳದಲ್ಲಿ. ಬದಿಯಡ್ಕದ ಸುತ್ತಿನ ನನ್ನ ವಿದ್ಯಾರ್ಥಿಗಳಿಗೆ ರೈಗಳ ಹೆಸರು ಬಾಯಿಪಾಠವಾಗಿ ಬರುತ್ತದೆ; ಮಾಧವನ್ ಯಾರೆಂದು ಕೇಳಿದರೆ ಒಬ್ಬರೂ ಕೈ ಎತ್ತುವುದಿಲ್ಲ. ಹೊಸದುರ್ಗದ, ಅಂದರೆ ಕಾಞಂಗಾಡಿನ ಕಡೆಯ ಮಲಯಾಳ ಶಾಲೆಗಳಲ್ಲಿ ಪಾಠ ಮಾಡುವ ಸ್ನೇಹಿತರು ಹೇಳುವ ಪ್ರಕಾರ ಅಲ್ಲಿಯೂ ಸ್ಥಿತಿ ಹೀಗೆಯೇ, ಹೆಸರುಗಳು ಮಾತ್ರ ಅದಲು ಬದಲು. ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಸಂಗತಿ ಇದು. ನಾಡಿನ ಬಿಡುಗಡೆಗೆ ದುಡಿದವರನ್ನು ನಾವು ಇಲ್ಲಿ ಮರೆತಿದ್ದೇವೆ ಎಂದರೆ ಅದು ಪೂರ್ತಿ ನಿಜವಲ್ಲ. ನಾವು ಅವರನ್ನು ಪಾಲು ಮಾಡಿಕೊಂಡಿದ್ದೇವೆ. ತರವಾಡು ಮನೆಯ ಆಸ್ತಿ ಪಾಲಾಗುವಾಗ ಒಬ್ಬರಿಗೆ ತೋಟ, ಇನ್ನೊಬ್ಬರಿಗೆ ಗದ್ದೆ ಎಂದು ಬರೆದುಕೊಳ್ಳುವಂತೆ ಈ ಹಿರಿಯರ ನೆನಪೂ ಭಾಷೆಯ ಲೆಕ್ಕದಲ್ಲಿ ಹಂಚಿಹೋಗಿದೆ, ಯಾರ ಪಾಲಿಗೂ ಬಾರದವರು ಅಂಗಳದಾಚೆ ಉಳಿದಿದ್ದಾರೆ.

ಈ ಪಾಲುಪಟ್ಟಿಗೆ ಹಳೆಯ ಆಧಾರವೇನೂ ಇಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ಬಳಿಕ ಕಂಪನಿಯ ವಶವಾದ ಈ ಪ್ರದೇಶ ಕೆನರಾ ಜಿಲ್ಲೆಯ ಬೇಕಲ ತಾಲೂಕಾಗಿತ್ತು. ಮುಂದೆ ಕೆನರಾ ಎರಡಾಗಿ, ಉತ್ತರ ಭಾಗ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಹೋದರೂ ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. 1882ರಲ್ಲಿ ಕಾಸರಗೋಡು ತಾಲೂಕು ಹುಟ್ಟಿತು. ಕುಂದಾಪುರದ ಕಡೆಯಿಂದ ನೀಲೇಶ್ವರದ ತನಕ ಕಲೆಕ್ಟರ್ ಒಬ್ಬರೇ, ಸೆಷನ್ಸ್ ನ್ಯಾಯಾಲಯ ಒಂದೇ, ಅದು ಮಂಗಳೂರಿನಲ್ಲಿ. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಬಿರುದು ಕೊಟ್ಟದ್ದು ಇಂದಿನ ಕರ್ನಾಟಕವೂ ಅಲ್ಲ, ಕೇರಳವೂ ಅಲ್ಲ; ಆಗಿನ ಮದ್ರಾಸು ಸರ್ಕಾರ. ಮಕ್ಕಳಿಗೆ ಇದನ್ನು ಹೇಳಿದರೆ ಆಶ್ಚರ್ಯಪಡುತ್ತಾರೆ, ಏಕೆಂದರೆ ಅವರ ಕಣ್ಣಿಗೆ ಕರ್ನಾಟಕ ಕೇರಳಗಳ ನಡುವಿನ ತಲಪಾಡಿಯ ಗಡಿ ಗುಡ್ಡೆ ಹೊಳೆಗಳಂತೆ ಮೊದಲಿನಿಂದಲೂ ಇದ್ದದ್ದು.

ಶಾಲೆಯ ಮಾತನ್ನು ಇಲ್ಲಿ ಹೇಳಲೇಬೇಕು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಪಠ್ಯ ಕೇರಳದ್ದು, ಮಲಯಾಳದಿಂದ ಕನ್ನಡಕ್ಕೆ ತಂದದ್ದು. ಅದರಲ್ಲಿ ಪಳಶ್ಶಿ ರಾಜ, ವೇಲುತಂಬಿ, ವೈಕಂ, ಪಯ್ಯನ್ನೂರು ಬರುತ್ತವೆ; ಬರಬೇಕಾದದ್ದೇ. ಆಗಸ್ಟ್ 15ರ ಭಾಷಣಕ್ಕೆ ಮಕ್ಕಳು ಮನೆಯಿಂದ ಬರೆಸಿಕೊಂಡು ಬರುವುದು ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಅಂಕೋಲೆ, ಈಸೂರು. ಇವೂ ಬೇಕು. ಈ ಎರಡರ ನಡುವೆ ಅವರು ದಿನವೂ ಬಸ್ಸಿನಲ್ಲಿ ದಾಟುವ ಊರುಗಳ ಕಥೆ ಎಲ್ಲಿಯೂ ಬರುವುದಿಲ್ಲ. 1930ರ ಏಪ್ರಿಲ್ ತಿಂಗಳಲ್ಲಿ ಉತ್ತರದ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ, ದಕ್ಷಿಣದ ಪಯ್ಯನ್ನೂರಿನಲ್ಲಿ ಕೆ. ಕೇಳಪ್ಪನವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದಾಗ ನಡುವೆ ಇದ್ದ ನಮ್ಮ ಹಿರಿಯರು ಸುಮ್ಮನೆ ಕುಳಿತಿರಲಿಲ್ಲ. 1907ರಲ್ಲೇ ಮಂಗಳೂರಿಗೆ ರೈಲು ಬಂದಿತ್ತು. ಎರಡೂ ಕಡೆಯ ಸುದ್ದಿ, ಪತ್ರಿಕೆ, ಕರಪತ್ರಗಳು ಕಾಸರಗೋಡು, ಕುಂಬಳೆ, ಮಂಜೇಶ್ವರದ ನಿಲ್ದಾಣಗಳಲ್ಲಿ ಇಳಿಯುತ್ತಿದ್ದವು. ತನ್ನ ಆಸ್ತಿಯನ್ನೆಲ್ಲ ಚಳವಳಿಗೆ ಕರಗಿಸಿ 1937ರಲ್ಲಿ ಬರಿಗೈಯಲ್ಲಿ ಕಣ್ಣು ಮುಚ್ಚಿದ ಕಾರ್ನಾಡು ಸದಾಶಿವರಾಯರು ಇಡೀ ಜಿಲ್ಲೆಗೆ ನಾಯಕರಾಗಿದ್ದರು, ಮಂಗಳೂರು ಪೇಟೆಗೆ ಮಾತ್ರವಲ್ಲ. ಖಂಡಿಗೆ ಕೃಷ್ಣ ಭಟ್ಟರು, ಮಹಮ್ಮದ್ ಶೇರೂಲ್ ಸಾಹೇಬರು, ಉಮೇಶ ರಾಯರು, ಎ. ಸಿ. ಕಣ್ಣನ್ ನಾಯರ್, ನಾರಂತಟ್ಟ ರಾಮನ್ ನಾಯರ್, ಮೇಲೋತ್ ನಾರಾಯಣನ್ ನಂಬಿಯಾರ್ ಎಂದು ಈ ತಾಲೂಕಿನ ಹೋರಾಟಗಾರರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ ನೋಡಿ. ಒಂದು ಭಾಷೆಯ, ಒಂದು ಜಾತಿಯ, ಒಂದು ಮತದ ಪಟ್ಟಿ ಮಾಡಲು ಬಾರದ ಹೆಸರುಗಳು ಅವು.

ಇನ್ನೂ ಹಿಂದಕ್ಕೆ ಹೋದರೆ ಪಯಸ್ವಿನಿಯ ದಂಡೆ ಸಿಗುತ್ತದೆ. ಕೊಡಗಿನಲ್ಲಿ ಹುಟ್ಟಿ, ಸುಳ್ಯವನ್ನು ಹಾದು, ನಮ್ಮ ಚಂದ್ರಗಿರಿಯನ್ನು ಸೇರಿ ಕಾಸರಗೋಡಿನ ಬಳಿ ಕಡಲಿಗೆ ಬೀಳುವ ಹೊಳೆ ಅದು. 1834ರಲ್ಲಿ ಕೊಡಗನ್ನು ಕಂಪನಿ ನುಂಗಿದ ಮೇಲೆ ಅಮರ ಸುಳ್ಯದ ಸೀಮೆಯನ್ನು ಕೊಡಗಿನಿಂದ ಬಿಡಿಸಿ ಕೆನರಾಕ್ಕೆ ಸೇರಿಸಿದರು. ಭತ್ತದ ರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರು ಇನ್ನು ಮುಂದೆ ನಗದು ತರಬೇಕೆಂದು ಕಟ್ಟಳೆಯಾಯಿತು. ನಗದು ಬೇಕೆಂದರೆ ಸುಗ್ಗಿಯ ಹೊತ್ತಿನಲ್ಲೇ, ದರ ಬಿದ್ದಿರುವಾಗಲೇ ಮಾರಬೇಕು, ಇಲ್ಲವೇ ಸಾಹುಕಾರನ ಬಳಿ ಕೈ ಚಾಚಬೇಕು. 1837ರ ವಸಂತದಲ್ಲಿ ಕೆದಂಬಾಡಿ ರಾಮಯ್ಯ ಗೌಡರು, ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಮುಂದೆ ನಿಂತವರು ಮತ್ತು ಅವರ ಬೆನ್ನಿಗೆ ಬಂದ ಒಕ್ಕಲಿನವರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು ಪಾಣೆಮಂಗಳೂರಿನ ದಾರಿಯಾಗಿ ನಡೆದು, ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜ ಹಾರಿಸಿದರು. ಹದಿಮೂರು ದಿನ ಆ ಧ್ವಜ ಅಲ್ಲಿತ್ತು. ಮತ್ತೆ ತಲಶ್ಶೇರಿ ಕಣ್ಣೂರು ಕಡೆಯಿಂದ ಸೈನ್ಯ ಬಂತು, ಹಿಡಿದವರನ್ನು ಗಲ್ಲಿಗೇರಿಸಿದರು. ಅದಕ್ಕಿಂತ ದೊಡ್ಡ ಶಿಕ್ಷೆ ಆಮೇಲಿನದು. ಆ ದಂಗೆಯನ್ನು ‘ಕಲ್ಯಾಣಪ್ಪನ ಕಾಟುಕಾಯಿ’ ಎಂದು, ದರೋಡೆಯೆಂಬಂತೆ, ನೂರು ವರ್ಷಕ್ಕೂ ಹೆಚ್ಚು ಕಾಲ ಸ್ವಂತ ಊರಿನವರೇ ಕರೆದರು. ರಾಮಯ್ಯ ಗೌಡರ ಕಂಚಿನ ಪ್ರತಿಮೆ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ, ಘಟನೆಯಾಗಿ 185 ವರ್ಷಗಳ ಬಳಿಕ. ಗೆದ್ದವರು ಇಟ್ಟ ಹೆಸರನ್ನು ಸೋತವರ ಮೊಮ್ಮಕ್ಕಳು ಹೊತ್ತು ತಿರುಗಬೇಕಾಗುತ್ತದೆ ಎಂಬುದಕ್ಕೆ ನಮ್ಮ ಕಡೆ ಇದಕ್ಕಿಂತ ಕಣ್ಣಿಗೆ ಹೊಡೆಯುವ ನಿದರ್ಶನ ಇಲ್ಲ.

ಆದರೆ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಕಯ್ಯೂರಿನಲ್ಲಿ.

ಕಯ್ಯೂರು ತೇಜಸ್ವಿನಿ ಹೊಳೆಯ ದಂಡೆಯ ಊರು. ಕಾರ್ಯಂಗೋಡು ಹೊಳೆ ಎಂದೂ ಅದನ್ನು ಕರೆಯುತ್ತಾರೆ. 1930ರ ದಶಕದ ಕೊನೆಯಲ್ಲಿ ಅಲ್ಲಿ ರೈತಸಂಘ ಕಟ್ಟಿದವರು ಕೇಳಿದ್ದು ದೊಡ್ಡ ದೊಡ್ಡ ಮಾತುಗಳನ್ನಲ್ಲ. ಗೇಣಿಯ ಜೊತೆಗೆ ಜನ್ಮಿಗಳು ಎಂಬ ಭೂಮಾಲಿಕರು ವಸೂಲು ಮಾಡುತ್ತಿದ್ದ ಹೆಚ್ಚುವರಿಗಳನ್ನು ನಿಲ್ಲಿಸಬೇಕು ಎಂಬುದು ಅವರ ಬೇಡಿಕೆ. ಹಬ್ಬ ಹುಣ್ಣಿಮೆಗೆ ಧಣಿಯ ಮುಂದೆ ಇಟ್ಟು ಕೈಮುಗಿಯಬೇಕಾದ ವೆಚ್ಚುಕಾಣಲ್, ಭತ್ತ ಅಳೆಯುವಾಗ ಅಳತೆಯ ಮೇಲೆ ಕೊಡಬೇಕಾದ ವಾಶಿ, ಮತ್ತೆ ನುರಿ ಎಂಬ ಇನ್ನೊಂದು ವಸೂಲಿ, ಹೀಗೆ. ಸಂಘ, ಕೆಂಬಾವುಟ, ರಾತ್ರಿಶಾಲೆ, ಬ್ರಿಟಿಷರ ವಿರುದ್ಧ ಘೋಷಣೆ, ಎಲ್ಲವೂ ಈ ಭತ್ತದ ಅಳತೆಯಿಂದ ಹುಟ್ಟಿ ಬೆಳೆದವು. ಯುದ್ಧದ ಕಾಲ; ಸರ್ಕಾರಕ್ಕೆ ಎಲ್ಲೆಲ್ಲೂ ಸಂಶಯ. 1941ರ ಮಾರ್ಚ್ ಕೊನೆಯ ವಾರ ಪೊಲೀಸರು ರಾತ್ರಿ ಹೊತ್ತು ಮನೆಗಳಿಗೆ ನುಗ್ಗಿ ಸಂಘದವರನ್ನು ಹೊಡೆದು ಹಿಡಿದರು. ಅದನ್ನು ವಿರೋಧಿಸಿ 28ರಂದು ಹೊರಟ ಮೆರವಣಿಗೆಯ ದಾರಿಯಲ್ಲಿ ಸುಬ್ಬರಾಯನ್ ಎಂಬ ಪೊಲೀಸ್ ಪೇದೆ ಎದುರಾದನು. ಜನ ಅವನ ಕೈಗೆ ಬಾವುಟ ಕೊಟ್ಟು ಮೆರವಣಿಗೆಯ ಮುಂದೆ ನಡೆಸಿದರು. ಸ್ವಲ್ಪ ದೂರ ನಡೆದವನು ತಪ್ಪಿಸಿಕೊಂಡು ಹೊಳೆಗೆ ಹಾರಿದನು, ಜನ ಕಲ್ಲೆಸೆದರು, ಈಜಿ ದಾಟಲಾಗದೆ ಅವನು ಮುಳುಗಿ ಸತ್ತನು.

ಸರ್ಕಾರ 61 ಮಂದಿಯ ಮೇಲೆ ಮೊಕದ್ದಮೆ ಹೂಡಿತು. ವಿಚಾರಣೆ ನಡೆದದ್ದು ಮಂಗಳೂರಿನ ಸೆಷನ್ಸ್ ನ್ಯಾಯಾಲಯದಲ್ಲಿ. ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡವರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ನೇಣಿಗೇರಿಸಿದರು. ಐದನೆಯವನಾದ ಚೂರಿಕ್ಕಾಡನ್ ಕೃಷ್ಣನ್ ನಾಯರ್ ಗಲ್ಲಿನಿಂದ ಪಾರಾದದ್ದು ಇನ್ನೂ ಪ್ರಾಯ ತುಂಬದ ಹುಡುಗ ಎಂಬ ಕಾರಣಕ್ಕೆ. ಅವರ ಕಮ್ಯುನಿಸ್ಟ್ ಪಕ್ಷದ ಮೇಲಿದ್ದ ನಿಷೇಧವನ್ನು 1942ರ ಜುಲೈಯಲ್ಲೇ ಸರ್ಕಾರ ತೆಗೆದಿತ್ತು. ಫ್ಯಾಸಿಸ್ಟರ ವಿರುದ್ಧದ ಯುದ್ಧಕ್ಕೆ ಆ ಪಕ್ಷ ಬೆಂಬಲವನ್ನೂ ಘೋಷಿಸಿತ್ತು. ಆದರೂ ನೇಣಿನ ಹಗ್ಗ ಸಡಿಲವಾಗಲಿಲ್ಲ.

ಕನ್ನಡದ ಓದುಗರಿಗೆ ಈ ನಾಲ್ವರು ಪರಿಚಿತರಾದದ್ದು ನಿರಂಜನರ ‘ಚಿರಸ್ಮರಣೆ’ ಕಾದಂಬರಿಯಿಂದ. 1955ರಲ್ಲಿ ಬಂದ ಆ ಕೃತಿ ಮುಂದೆ ಮಲಯಾಳಕ್ಕೂ ಹೋಯಿತು. ನಿರಂಜನರು ಹುಟ್ಟಿದ್ದು ಸುಬ್ರಹ್ಮಣ್ಯದ ಬಳಿಯ ಕುಳಕುಂದದಲ್ಲಿ, 1837ರ ದಂಗೆ ಎದ್ದ ಸೀಮೆಯ ಮಗ್ಗುಲಲ್ಲಿ. ಪ್ರೌಢಶಾಲೆಗೆ ಕಲಿತದ್ದು ನೀಲೇಶ್ವರದಲ್ಲಿ, ಕಯ್ಯೂರಿನ ಮಗ್ಗುಲಲ್ಲಿ. ಮಲಯಾಳ ಮಾತನಾಡುವ ನಾಲ್ವರು ರೈತರ ಸಾವನ್ನು ಕನ್ನಡದ ಹುಡುಗನೊಬ್ಬ ತನ್ನ ಮನೆಯ ಸಾವೆಂದು ಎದೆಯಲ್ಲಿಟ್ಟುಕೊಂಡು, ಹನ್ನೆರಡು ವರ್ಷಗಳ ಬಳಿಕ ಕನ್ನಡದಲ್ಲಿ ಬರೆದನು. ಹಾಗೆ ಬರೆಯಲು ಅವರಿಗೆ ಸಾಧ್ಯವಾದದ್ದು ಇವರು ಬೇರೆಯವರು ಎಂಬ ಭಾವನೆ ಆಗ ಇನ್ನೂ ಗಟ್ಟಿಯಾಗಿರಲಿಲ್ಲ ಎಂಬುದರಿಂದ ಎಂದು ನಾನು ತಿಳಿದಿದ್ದೇನೆ. ಆ ಪುಸ್ತಕ ಬಂದ ಮರುವರ್ಷವೇ ರಾಜ್ಯಗಳ ಪುನರ್ವಿಂಗಡಣೆಯಾಯಿತು.

ಕಯ್ಯೂರನ್ನು ಸ್ವಾತಂತ್ರ್ಯ ಹೋರಾಟಕ್ಕೆ ಸೇರಿಸಬಹುದೇ ಎಂದು ಕೇಳುವವರಿದ್ದಾರೆ. ಅದು ಭೂಮಾಲಿಕರ ವಿರುದ್ಧದ ಜಗಳ, ಒಂದು ಪಕ್ಷದ ಚರಿತ್ರೆ, ಅದರಲ್ಲಿ ಒಬ್ಬ ಪೇದೆಯ ಪ್ರಾಣವೂ ಹೋಗಿದೆ ಎಂಬುದು ಅವರ ವಾದ. ಪೇದೆಯ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಸುಬ್ಬರಾಯನ್ ಸಹ ಸಂಬಳಕ್ಕಾಗಿ ದುಡಿಯುತ್ತಿದ್ದ ಬಡವ; ಅವನ ಸಾವನ್ನು ಸಣ್ಣದು ಮಾಡಿ ಹೇಳುವ ಕಥನ ನನಗೆ ಒಗ್ಗುವುದಿಲ್ಲ. ತರಗತಿಯಲ್ಲಿ ಕಯ್ಯೂರಿನ ವಿಷಯ ಹೇಳುವಾಗ ಅವನ ಹೆಸರನ್ನೂ ಹೇಳುತ್ತೇನೆ, ಕಲ್ಲೆಸೆದದ್ದನ್ನೂ ಹೇಳುತ್ತೇನೆ. ಹುತಾತ್ಮರನ್ನು ಗೌರವಿಸಲು ಅವರ ಕಥೆಯನ್ನು ತೊಳೆದು ಮಡಿ ಮಾಡಬೇಕಾಗಿಲ್ಲ. ಆದರೆ ಅದು ಸ್ವಾತಂತ್ರ್ಯ ಹೋರಾಟವೇ ಅಲ್ಲ ಎಂಬ ಮಾತನ್ನು ಒಪ್ಪಲಾರೆ. ಸ್ವಾತಂತ್ರ್ಯ ಎಂಬುದು ನಮ್ಮ ಜಿಲ್ಲೆಯ ಮನುಷ್ಯನಿಗೆ ಯಾವ ರೂಪದಲ್ಲಿ ಅರ್ಥವಾಗಿತ್ತು ಎಂಬುದನ್ನು ನೋಡಬೇಕು.

ಇಲ್ಲಿ ಭೂಮಿ ಇದ್ದದ್ದು ಮೂಲಗೇಣಿ, ಚಾಲಗೇಣಿ ಎಂಬ ಕಟ್ಟುಗಳಲ್ಲಿ. ಮೂಲಗೇಣಿದಾರನಿಗೆ ಶಾಶ್ವತ ಹಕ್ಕಿತ್ತು. ಚಾಲಗೇಣಿಯವನು ಧಣಿ ಹೇಳಿದ ದಿನ ಪಾತ್ರೆ ಪಗಡಿ ಹೊತ್ತು ಏಳಬೇಕಾದವನು. ಗದ್ದೆ ತೋಟಕ್ಕೆ ತಾಗಿದ ಕುಮ್ಕಿ ಜಾಗದಿಂದ ಹಟ್ಟಿಗೆ ಸೊಪ್ಪು, ಒಲೆಗೆ ಕಟ್ಟಿಗೆ ತರುವ ವಾಡಿಕೆ ಇತ್ತು. ಸೊಪ್ಪಿಲ್ಲದೆ ಹಟ್ಟಿಯ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ಅಡಿಕೆಯೂ ಇಲ್ಲ, ಭತ್ತವೂ ಇಲ್ಲ. 1882ರ ಮದ್ರಾಸು ಅರಣ್ಯ ಕಾಯಿದೆಯ ಬಳಿಕ ಸರ್ಕಾರ ಗುಡ್ಡೆ ಹಾಡಿಗಳಿಗೆ ಕಲ್ಲು ನೆಟ್ಟು ಮೀಸಲು ಮಾಡುತ್ತ ಬಂದಾಗ ಬ್ರಿಟಿಷ್ ಆಳ್ವಿಕೆ ಎಂಬುದು ಲಂಡನ್ನಿನ ಅರಮನೆಯಾಗಿ ಅಲ್ಲ, ಕತ್ತಿ ಬುಟ್ಟಿ ಕಿತ್ತುಕೊಳ್ಳುವ ಫಾರೆಸ್ಟ್ ಗಾರ್ಡಾಗಿ ಮನೆಯ ಹಿತ್ತಿಲಿಗೆ ಬಂತು. ಅದಕ್ಕೇ 1932ರಲ್ಲಿ ಕಾರಡ್ಕದ ಬಳಿಯ ಕಾಡಗಂನಲ್ಲಿ ಜನ ಕಾಡಿಗೆ ನುಗ್ಗಿ ಮರ ಕಡಿದು ಕಾನೂನು ಮುರಿದರು. ಕಡಲಿನ ಬದಿಯವರಿಗೆ ಉಪ್ಪು ಹೇಗೋ, ಗುಡ್ಡೆಯ ಬದಿಯವರಿಗೆ ಸೊಪ್ಪು ಕಟ್ಟಿಗೆ ಹಾಗೆ. 1946ರಲ್ಲಿ ಚೀಮೇನಿಯ ಎಸ್ಟೇಟಿನಲ್ಲಿ ಇದೇ ಸೊಪ್ಪು ಕಟ್ಟಿಗೆಗಾಗಿ ಮತ್ತೊಂದು ಹೋರಾಟ ನಡೆಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1947ರಲ್ಲಾದರೆ ಕೇರಳದಲ್ಲಿ ಗೇಣಿಪದ್ಧತಿ ಕೊನೆಗೊಂಡದ್ದು 1970ರ ಜನವರಿ 1ರಂದು. ಕಯ್ಯೂರಿನ ನಾಲ್ವರು ಬದುಕಿದ್ದಿದ್ದರೆ ಯಾವ ದಿನವನ್ನು ಸ್ವಾತಂತ್ರ್ಯ ದಿನವೆಂದು ಎಣಿಸುತ್ತಿದ್ದರು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇದೇ ದೃಷ್ಟಿಯಿಂದ ಕುದ್ಮುಲ್ ರಂಗರಾಯರನ್ನೂ ಈ ಸಾಲಿಗೆ ಸೇರಿಸುತ್ತೇನೆ. 1859ರಲ್ಲಿ ಕಾಸರಗೋಡಿನ ಕುದ್ಮುಲ್ ಎಂಬಲ್ಲಿ ಹುಟ್ಟಿ, ಮಂಗಳೂರಿಗೆ ಹೋಗಿ ವಕೀಲರಾಗಿ, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಅಸ್ಪೃಶ್ಯರೆಂದು ದೂರವಿಟ್ಟವರ ಮಕ್ಕಳಿಗೆ ಶಾಲೆ ತೆರೆದವರು ಅವರು. ಜಾತಿಯವರು ಬಹಿಷ್ಕಾರ ಹಾಕಿದರು, ಅವರು ಹಿಂದೆ ಸರಿಯಲಿಲ್ಲ. 1928ರಲ್ಲಿ ತೀರಿಕೊಂಡ ಅವರು ಸೆರೆಮನೆಗೆ ಹೋದವರಲ್ಲ, ಧ್ವಜ ಹಿಡಿದವರಲ್ಲ. ಆದರೆ 1934ರಲ್ಲಿ ಹರಿಜನ ಪ್ರವಾಸದ ದಾರಿಯಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಯಾವ ಕೆಲಸಕ್ಕಾಗಿ ದೇಶ ಸುತ್ತುತ್ತಿದ್ದರೋ ಆ ಕೆಲಸವನ್ನು ಇವರು ಮೂವತ್ತೇಳು ವರ್ಷ ಮೊದಲೇ ಶುರುಮಾಡಿದ್ದರು. ಮಂಗಳೂರಿನವರು ರಂಗರಾಯರನ್ನು ನೆನೆಯುತ್ತಾರೆ. ಹುಟ್ಟಿದ ತಾಲೂಕಿನವರಾದ ನಾವು ಅವರನ್ನು ನಮ್ಮವರೆಂದು ಹೇಳಿಕೊಳ್ಳುವುದೂ ಅಪರೂಪವಾಗಿದೆ.

ಭಾಷೆಯ ಗಡಿಯಲ್ಲದೆ ಇನ್ನೊಂದು ಗಡಿಯೂ ಇದೆ. ಅದು ಕಾಗದದ ಗಡಿ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷವಾದ 1972ರಲ್ಲಿ ಕೇಂದ್ರ ಸರ್ಕಾರ ಹೋರಾಟಗಾರರಿಗೆ ಪಿಂಚಣಿಯನ್ನೂ ತಾಮ್ರಪತ್ರವನ್ನೂ ಕೊಡಲು ಆರಂಭಿಸಿತು. ಪಿಂಚಣಿಗೆ ಕನಿಷ್ಠ ಆರು ತಿಂಗಳ ಸೆರೆವಾಸದ ಪುರಾವೆ ಬೇಕಾಗಿತ್ತು. ಜೈಲಿನ ದಾಖಲೆ ಸಿಗದಿದ್ದರೆ ಜೊತೆಯಲ್ಲಿ ಸೆರೆಯಲ್ಲಿದ್ದವರ ಪ್ರಮಾಣಪತ್ರ ತರಬೇಕು. ನಿಯಮವನ್ನು ನಾನು ತೆಗಳುವುದಿಲ್ಲ. ಸರ್ಕಾರದ ಹಣ ಕೊಡುವಾಗ ಯಾವುದಾದರೊಂದು ಅಳತೆಗೋಲು ಬೇಕೇ ಬೇಕು. ಆದರೆ ಪಿಂಚಣಿಯ ಅಳತೆಗೋಲೇ ನೆನಪಿನ ಅಳತೆಗೋಲಾದದ್ದು ದುಃಖದ ಸಂಗತಿ. ಸೆರೆ ಸಿಕ್ಕಿದವರು ಹೋರಾಟಗಾರರಾದರು, ಸಿಗದವರು ಯಾರೂ ಆಗಲಿಲ್ಲ.

ನಮ್ಮ ಊರಿನ ಒಂದು ಹಳೆಯ ಮನೆಯ ಚಾವಡಿಯಲ್ಲಿ ಅಂತಹ ತಾಮ್ರಪತ್ರವೊಂದಿದೆ. ಸಿಂಹಲಾಂಛನದ ಕೆಳಗೆ ಕೊರೆದ ಹಿಂದಿ ಅಕ್ಷರಗಳ ಸಂದಿನಲ್ಲಿ ಹಸಿರು ಕಿಲುಬು ಕೂತಿದೆ. ಪ್ರತಿ ಚೌತಿಗೆ ಮೊದಲು ಹುಣಸೆಹಣ್ಣು ಹಚ್ಚಿ ಉಜ್ಜುತ್ತಾರಂತೆ, ಮಳೆಗಾಲದಲ್ಲಿ ಮತ್ತೆ ಕಿಲುಬು ಬರುತ್ತದೆ. ವೆಲ್ಲೂರು ಸೆರೆಮನೆಯಲ್ಲಿದ್ದು ಬಂದ ಆ ಮನೆಯ ಹಿರಿಯರಿಗೆ ಸಂದದ್ದು ಅದು. ಅವರ ಸೊಸೆ, ಈಗ ತೊಂಬತ್ತರ ಹತ್ತಿರದ ಅಜ್ಜಿ, ಒಂದು ಮಧ್ಯಾಹ್ನ ನನಗೆ ಬೇರೆಯೇ ಕಥೆ ಹೇಳಿದರು. ಮಾವನವರಿಗೆ ಒಬ್ಬ ತಮ್ಮನಿದ್ದನಂತೆ. ಮಂಗಳೂರಿನಿಂದ ಬಂದ ಕರಪತ್ರದ ಕಟ್ಟುಗಳನ್ನು ಬೆಲ್ಲದ ಬುಟ್ಟಿಯ ಅಡಿಯಲ್ಲಿಟ್ಟು, ಸೂಟೆಯ ಪಂಜು ಬೀಸಿಕೊಂಡು ರಾತ್ರೋರಾತ್ರಿ ಗುಡ್ಡೆ ದಾಟಿ ಮುಂದಿನ ಊರಿಗೆ ಮುಟ್ಟಿಸುವುದು ಅವನ ಕೆಲಸ. ಎಷ್ಟೋ ಕಾಲ ಹೀಗೆ ನಡೆದರೂ ಒಮ್ಮೆಯೂ ಸಿಕ್ಕಿಬೀಳಲಿಲ್ಲ. “ಮಾವನವರನ್ನು ಹಿಡಿದರು, ಚಿಕ್ಕಮಾವನವರನ್ನು ಹಿಡಿಯಲಿಕ್ಕೆ ಆಗಲಿಲ್ಲ. ಹಿಡಿಯದೆ ಇದ್ದವರಿಗೆ ಕಾಗದ ಎಲ್ಲಿಂದ ಬರಬೇಕು ಮಾಸ್ಟ್ರೇ?” ಎಂದು ಅಜ್ಜಿ ಕೇಳಿದರು. ಅವರ ಧ್ವನಿಯಲ್ಲಿ ದೂರು ಇರಲಿಲ್ಲ, ನಿಜವಾಗಿಯೂ ಉತ್ತರ ಬೇಕಾಗಿತ್ತು.

ಅತ್ತೆಯವರ ವಿಷಯ ಕೇಳಿದೆ. ಮಾವ ಸೆರೆಮನೆಯಲ್ಲಿದ್ದಾಗ ಗೇಣಿ ಕೊಡಬೇಕಾದದ್ದು, ತೋಟಕ್ಕೆ ನೀರು ಹಾಯಿಸಬೇಕಾದದ್ದು, ಎರಡು ಮಕ್ಕಳನ್ನು ಸಾಕಬೇಕಾದದ್ದು ಅವರೇ. ಅದಲ್ಲದೆ ರಾತ್ರಿ ಯಾವ ಹೊತ್ತಿಗೆ ಯಾರು ಬಂದು ಬಾಗಿಲು ಬಡಿಯುತ್ತಾರೋ ತಿಳಿಯದ ಮನೆ ಅದು. ಬಂದವರಲ್ಲಿ ಮಾಪಿಳ್ಳೆಯವರೂ ಇದ್ದರು, ಬಿಲ್ಲವರೂ ಇದ್ದರು. ಅತ್ತೆಯವರು ಅಕ್ಕಿ ಅಳೆದು ಹಾಕುತ್ತಿದ್ದುದನ್ನೇ ತಾನು ನೋಡಿಲ್ಲವೆಂದೂ, ಕೈಯಂದಾಜಿಗೆ ನಾಲ್ಕು ಹಿಡಿ ಹೆಚ್ಚು ಹಾಕುವ ಅಭ್ಯಾಸ ಆ ಕಾಲದಿಂದ ಬಂದು ಸಾಯುವ ತನಕ ಹಾಗೆಯೇ ಉಳಿದಿತ್ತೆಂದೂ ಅಜ್ಜಿ ಹೇಳಿದರು. ಕುಚ್ಚಿಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಇದ್ದರೆ ಒಂದು ಚಟ್ನಿ. ಜಾತಿ ಕೇಳದೆ ಒಳಗೆ ಕರೆದು ಬಡಿಸಿದ್ದಕ್ಕೆ ನೆಂಟರಿಷ್ಟರು ಕೆಲವು ಕಾಲ ಆ ಮನೆಯಲ್ಲಿ ನೀರು ಮುಟ್ಟಲಿಲ್ಲವಂತೆ. ಹೆಣ್ಣೊಬ್ಬಳು ತನ್ನ ತವರಿನವರಿಂದಲೂ ದೂರವಾಗಿ ವರ್ಷಗಟ್ಟಲೆ ಹೀಗೆ ನಿಂತಳೆಂದರೆ ಅದಕ್ಕೆ ಬೇಕಾದ ಧೈರ್ಯ ಸೆರೆಮನೆಗೆ ಹೋಗುವ ಧೈರ್ಯಕ್ಕಿಂತ ಕಡಿಮೆಯದೆಂದು ನಾನು ಒಪ್ಪುವುದಿಲ್ಲ. ಅವರ ಒಂದು ಫೋಟೋ ಕೂಡ ಆ ಚಾವಡಿಯಲ್ಲಿಲ್ಲ.

ಇಷ್ಟು ಬರೆದಾಗ ನಮ್ಮವರಲ್ಲಿ ಕೆಲವರು ಒಂದು ಪ್ರಶ್ನೆ ಎತ್ತುವುದು ಸಹಜ. ಕನ್ನಡಿಗರು ಈ ಜಿಲ್ಲೆಯಲ್ಲಿ ಭಾಷೆ ಉಳಿಸಿಕೊಳ್ಳಲು ಏಗುತ್ತಿರುವಾಗ, ನೇಮಕಾತಿಗೂ ಪಠ್ಯಕ್ಕೂ ಅರ್ಜಿ ಹಿಡಿದು ಅಲೆಯುತ್ತಿರುವಾಗ, ಮಲಯಾಳದವರ ಹುತಾತ್ಮರನ್ನು ನಾವೇಕೆ ಹೊರಬೇಕು ಎಂದು ಅವರು ಕೇಳುತ್ತಾರೆ. ನಾನೂ ಆ ಅರ್ಜಿಗಳಿಗೆ ಸಹಿ ಹಾಕಿದವನೇ, ಮುಂದೆಯೂ ಹಾಕುವವನೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ನೋವು ನಮ್ಮ ಹಿರಿಯರಿಗೆ ಎಂತಹದಾಗಿತ್ತೆಂದು ಕಯ್ಯಾರರ ಕವಿತೆಗಳನ್ನು ಓದಿದವರಿಗೆ ವಿವರಿಸಬೇಕಾಗಿಲ್ಲ. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಆ ಶಿಫಾರಸು ಕಡತದಲ್ಲೇ ಉಳಿಯಿತು. ಇದು ನಮ್ಮ ನ್ಯಾಯವಾದ ಅಳಲು.

ಆದರೆ ಆ ಅಳಲಿನ ಬೇರು ಎಲ್ಲಿದೆ ಎಂಬುದನ್ನು ಮರೆಯಬಾರದು. ಜನರ ಆಡಳಿತ ಜನರ ಭಾಷೆಯಲ್ಲಿ ನಡೆಯಬೇಕೆಂಬ ತತ್ತ್ವವನ್ನು ಒಪ್ಪಿ, 1920ರ ನಾಗಪುರ ಅಧಿವೇಶನದಲ್ಲಿ ತನ್ನ ಪ್ರಾಂತ್ಯ ಸಮಿತಿಗಳನ್ನು ಭಾಷೆಯ ಪ್ರಕಾರ ಕಟ್ಟಲು ನಿರ್ಧರಿಸಿದ್ದು ಕಾಂಗ್ರೆಸ್. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಸೇರಿದ ಅಧಿವೇಶನದ ಹೊತ್ತಿಗೇ ಕರ್ನಾಟಕ ಏಕೀಕರಣದ ಮೊದಲ ಸಭೆಯೂ ನಡೆಯಿತು. ಕನ್ನಡಕ್ಕಾಗಿ ನಾವು ಮಾಡುವ ಹಕ್ಕೊತ್ತಾಯವೇ ಸ್ವಾತಂತ್ರ್ಯ ಚಳವಳಿಯ ಮಗು. ತೇಜಸ್ವಿನಿಯ ದಂಡೆಯ ರೈತ ಭತ್ತದ ಅಳತೆಯಲ್ಲಿ ನ್ಯಾಯ ಕೇಳಿದ್ದಕ್ಕೂ, ಪೆರಡಾಲದ ಕವಿ ಭಾಷೆಯಲ್ಲಿ ನ್ಯಾಯ ಕೇಳಿದ್ದಕ್ಕೂ ತಾಯಿ ಒಬ್ಬಳೇ. ಕಯ್ಯೂರಿನ ಅಬೂಬಕ್ಕರ್ ಅವರನ್ನು ನೆನೆದರೆ ಕನ್ನಡದ ಪಾಲು ಕಡಿಮೆಯಾಗುತ್ತದೆ ಎಂಬ ಭಯಕ್ಕೆ ಅರ್ಥವಿಲ್ಲ. ಇಷ್ಟೇ ನೇರವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕೇರಳದ ಚರಿತ್ರೆಯನ್ನು ಬರೆಯುವವರು, ಹೇಳುವವರು ಚಂದ್ರಗಿರಿಯ ಉತ್ತರಕ್ಕೆ ಬಂದಾಗ ಧ್ವನಿ ತಗ್ಗಿಸುವುದನ್ನು ಬಿಡಬೇಕು. ಈ ಜಿಲ್ಲೆಯ ಕನ್ನಡ, ತುಳು ಮಾತನಾಡುವ ಹೋರಾಟಗಾರರೂ ಅವರ ಹಿರಿಯರೇ.

ಈಗ ನಾನೂ ಕೆಲವು ಸಹೋದ್ಯೋಗಿಗಳೂ ಸೇರಿ ಒಂದು ಪುಸ್ತಕ ತೆರೆದಿದ್ದೇವೆ. ಉದ್ದ ಗೆರೆಯ ದಪ್ಪ ಲೆಕ್ಕದ ಪುಸ್ತಕ, ಅಂಗಡಿಯವರು ಕಡ ಬರೆದಿಡುವಂತಹದು. ಪ್ರತಿ ಹೆಸರಿಗೆ ಒಂದು ಪುಟ. ಹೆಸರನ್ನು ಎರಡೂ ಲಿಪಿಗಳಲ್ಲಿ ಬರೆಯುತ್ತೇವೆ. ಅದರ ಕೆಳಗೆ ಮನೆಯ ಹೆಸರು, ಊರು, ಏನು ಮಾಡಿದರು, ಯಾವ ವರ್ಷ, ಇದನ್ನು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು. ಕಾಗದದ ಪುರಾವೆ ಇದ್ದರೆ ಅದನ್ನು ಗುರುತು ಹಾಕುತ್ತೇವೆ, ಇಲ್ಲದಿದ್ದರೆ ಬಾಯಿಮಾತು ಎಂದು ಸ್ಪಷ್ಟವಾಗಿ ಬರೆಯುತ್ತೇವೆ. ಕೇಳಿದ್ದನ್ನೆಲ್ಲ ನಿಜವೆಂದು ಬರೆದುಕೊಂಡರೆ ಸತ್ತವರಿಗೆ ಅನ್ಯಾಯವಾಗುತ್ತದೆ. ಕಾಗದವಿಲ್ಲವೆಂದು ಬಿಟ್ಟುಬಿಟ್ಟರೂ ಅನ್ಯಾಯವೇ. ಮಕ್ಕಳು ತಮ್ಮ ಮನೆಯ ಹಿರಿಯರಿಂದ ಕೇಳಿಕೊಂಡು ಬರುತ್ತಾರೆ, ನಾವು ಮನೆಗೆ ಹೋಗಿ ಮತ್ತೊಮ್ಮೆ ಕೇಳುತ್ತೇವೆ. ಮದ್ರಾಸು ಪ್ರಾಂತ್ಯದ ಕಡತಗಳು ಚೆನ್ನೈಯ ಎಗ್ಮೋರಿನ ಪತ್ರಾಗಾರದಲ್ಲಿವೆ. ನಮ್ಮ ಜಿಲ್ಲೆಯ ನ್ಯಾಯಾಂಗ, ಪೊಲೀಸ್, ಅರಣ್ಯ ಇಲಾಖೆಗಳ ಆ ಕಾಲದ ಪತ್ರವ್ಯವಹಾರವನ್ನು ಹುಡುಕಲು ಒಂದು ರಜೆಯಲ್ಲಿ ಅಲ್ಲಿಗೆ ಹೋಗುವ ಯೋಚನೆಯಿದೆ. ಗಲ್ಲಿಗೇರಿಸಿದವರ, ಸೆರೆಗೆ ಹಾಕಿದವರ ಭಾಷೆಯಲ್ಲಾದರೂ ನಮ್ಮವರ ಹೆಸರು ಅಲ್ಲಿ ಇದ್ದೀತು.

ಅಜ್ಜಿಯ ಚಿಕ್ಕಮಾವನ ಪುಟವನ್ನು ಬರೆದಾಗಿದೆ, ಬಾಯಿಮಾತು ಎಂಬ ಗುರುತಿನೊಂದಿಗೆ. ಅವರ ಅತ್ತೆಯವರಿಗೂ ಒಂದು ಪುಟವಿದೆ. ಏನು ಮಾಡಿದರು ಎಂಬ ಸಾಲಿನಲ್ಲಿ ಮನೆ ನಡೆಸಿದರು, ಬಂದವರಿಗೆ ಉಣಬಡಿಸಿದರು, ಬಹಿಷ್ಕಾರ ಎದುರಿಸಿದರು ಎಂದು ಬರೆದಿದ್ದೇವೆ. ಇದನ್ನು ಓದುವ ಕಾಸರಗೋಡು, ಮಂಜೇಶ್ವರ, ಹೊಸದುರ್ಗ, ಸುಳ್ಯ, ಪುತ್ತೂರು ಸೀಮೆಯವರಲ್ಲಿ ನನ್ನದೊಂದು ಕೋರಿಕೆ. ಅಟ್ಟದ ಟ್ರಂಕಿನಲ್ಲಿ ಸೆರೆಮನೆಯ ಬಿಡುಗಡೆ ಚೀಟಿ, ಹಳೆಯ ಕಾರ್ಡು, ರಸೀದಿ, ನೂಲಿನ ಲಡಿ ಏನಿದ್ದರೂ ಗೆದ್ದಲು ಹಿಡಿಯುವ ಮೊದಲು ಹೊರಗೆ ತೆಗೆದು ಫೋಟೋ ತೆಗೆದಿಡಿ. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಈ ವಾರವೇ ಅವರ ಬಳಿ ಕುಳಿತು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ತುಳುವಾಗಲಿ, ಮಲಯಾಳವಾಗಲಿ, ಹವ್ಯಕವಾಗಲಿ, ಬ್ಯಾರಿಯಾಗಲಿ, ಕನ್ನಡಕ್ಕೆ ತಿದ್ದಲು ಹೋಗಬೇಡಿ. ಸೆರೆಮನೆಗೆ ಹೋದವರ ವಿಷಯ ಮುಗಿದ ಮೇಲೆ, ಆಗ ಮನೆಯಲ್ಲಿ ಯಾರಿದ್ದರು, ಅವರು ಹೇಗೆ ದಿನ ಕಳೆದರು ಎಂದೂ ಕೇಳಿ.